ಉಗ್ರಾಣದ ಬೀಗದ ಕೈ

ಬಂಟ್ವಾಳ ತಾಲೂಕಿನ ಕನ್ಯಾನ ಗಡಿಯ ಊರು. ತುಸು ದೂರ ಸಾಗಿದರೆ ಕಾಸರಗೋಡು ಜಿಲ್ಲೆ. ಅಲ್ಲಿಯ ಕನ್ನಡ ಶಾಲೆಯೊಂದರ ಉಪಾಧ್ಯಾಯರ ಮನೆ ಕನ್ಯಾನದಲ್ಲಿದೆ. ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಲಿನಕ್ಸ್ ರೂಢಿಯಾಗಿರುವುದರಿಂದ ಅವರು ಮನೆಯ ಯಂತ್ರಕ್ಕೂ ಅದನ್ನೇ ಹಾಕಿಕೊಂಡಿದ್ದರು. ಹಿಂದೆ ವಿಂಡೋಸಿಗೂ ಬಳಕೆಯಾಗುತ್ತಿದ್ದ, ‘ಫ್ಯಾಟ್’ ಕ್ರಮದ ಒಂದು ಡಿಸ್ಕ್ ವಿಭಾಗ ಆ ಮನೆಯ ಉಗ್ರಾಣ. ಅಡಿಕೆಯ ಲೆಕ್ಕ, ಮಕ್ಕಳ ಚಿತ್ರಗಳು, ಗತಿಸಿದ ತಾಯಿಯವರು ಹಾಡಿದ ಮೂರು ಪಾಡ್ದನಗಳು ಎಲ್ಲವೂ ಅದರಲ್ಲಿದ್ದವು.

ವಿಭಾಗವನ್ನು ಜೋಡಿಸಿದಾಗ, ಎಂದರೆ ‘ಮೌಂಟ್’ ಮಾಡಿದಾಗ, ಮೊದಲು ಅವರಿಗೇ ಅದರಲ್ಲಿ ಬರೆಯಲಾಗಲಿಲ್ಲ. ಬೇಸತ್ತು, ‘ಎಫ್‌ಎಸ್‌ಟ್ಯಾಬ್’ ಎಂಬ ಕಡತದಲ್ಲಿ ‘ಯುಮಾಸ್ಕ್’ 000 ಎಂದು ಬರೆದುಬಿಟ್ಟರು. ಬಾಗಿಲು ಎಲ್ಲರಿಗೂ ತೆರೆಯಿತು.

ಒಂದು ಸಂಜೆ ಮಗಳು ಹೇಳಿದಳು: “ಅಪ್ಪಾ, ಜಾಗ ಇಲ್ಲವೆಂದು ತೋರಿಸಿತು. ಹಳೆಯದನ್ನೆಲ್ಲ ಅಳಿಸಿದೆ.”

ಮಂಗಳೂರಿನ ಅತ್ತೆಯ ಬಳಿ ಎರಡು ಪಾಡ್ದನಗಳ ಪ್ರತಿ ಸಿಕ್ಕಿತು. ಮೂರನೆಯದು ಹೋಯಿತು.

ಉಪಾಧ್ಯಾಯರು ಉಳಿದ ಕಡತಗಳಿಗೆ ‘ಚ್‌ಮಾಡ್’ ಆಜ್ಞೆಯಿಂದ ರಕ್ಷಣೆ ಕೊಡಹೋದರು, ಫಲಿಸಲಿಲ್ಲ. ಕಾರಣ ಸರಳ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸ್ ಹಲವರು ಕೂಡಿ ಬಳಸುವ ಯಂತ್ರಕ್ಕಾಗಿ ಬೆಳೆಯಿತು. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಅದೇ ಪದ್ಧತಿಯನ್ನು ಅನುಸರಿಸಿ ಯಜಮಾನ, ಬಳಗ, ಹೊರಗಿನವರು ಎಂಬ ಮೂರು ವರ್ಗಗಳನ್ನು ಕಾಣುತ್ತದೆ. ಫ್ಯಾಟ್ ವಿಭಾಗದಲ್ಲಿಯಾದರೋ ಒಡೆಯನ ಹೆಸರು ಬರೆಯಲು ಸ್ಥಳವೇ ಇಲ್ಲ. ಆದುದರಿಂದ ಹಕ್ಕುಗಳೆಲ್ಲ ಜೋಡಿಸುವ ಗಳಿಗೆಯಲ್ಲಿಯೇ ನಿರ್ಧಾರವಾಗಬೇಕು.

ಓದುವುದಕ್ಕೆ 4, ಬರೆಯುವುದಕ್ಕೆ 2, ಪ್ರವೇಶಿಸುವುದಕ್ಕೆ ಅಥವಾ ನಡೆಸುವುದಕ್ಕೆ 1. ಮಾಸ್ಕ್ ಎಂಬುದು ಕೊಡುವ ಸಂಖ್ಯೆಯಲ್ಲ, ಕಳೆಯುವ ಸಂಖ್ಯೆ. 000 ಎಂದರೆ ಏನನ್ನೂ ಕಳೆಯದಿರುವುದು. ಮುಖ್ಯ ಸಂಗತಿ ಇನ್ನೊಂದು: ಕಡತವನ್ನು ಅಳಿಸುವ ಹಕ್ಕು ಕಡತದ್ದಲ್ಲ, ಅದನ್ನು ಹೊತ್ತ ಕೋಶದ್ದು.

ಈ ಸಲ ಅವರು ‘ಯುಐಡಿ’ಯಲ್ಲಿ ತಮ್ಮ ಸಂಖ್ಯೆಯನ್ನೂ ‘ಜಿಐಡಿ’ಯಲ್ಲಿ ಮನೆಯವರ ಬಳಗದ ಸಂಖ್ಯೆಯನ್ನೂ ಬರೆದರು. ಕೋಶಗಳಿಗೆ ‘ಡಿಮಾಸ್ಕ್’ 027, ಕಡತಗಳಿಗೆ ‘ಎಫ್‌ಮಾಸ್ಕ್’ 137. ಹೀಗಾಗಿ ಕೋಶಗಳಿಗೆ 750, ಕಡತಗಳಿಗೆ 640 ಉಳಿಯಿತು. ಬಳಿಕ ವಿಭಾಗವನ್ನು ಕಳಚಿ ಮತ್ತೆ ಜೋಡಿಸಿದರು. ಈಗ ಬರೆಯುವವರು, ಅಳಿಸುವವರು ಅವರೊಬ್ಬರೇ. ಮನೆಯವರು ಓದಬಹುದು, ಕೇಳಬಹುದು. ಹೊರಗಿನ ಖಾತೆಗೆ ಬಾಗಿಲೇ ಇಲ್ಲ.

ಲಿನಕ್ಸಿನದೇ ಆದ ‘ಎಕ್ಸ್ಟ್4’ ವಿಭಾಗಕ್ಕೆ ಈ ಉಪಾಯ ಸಲ್ಲದು. ಅದು ಒಡೆಯನ ಸಂಖ್ಯೆಯನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಅಲ್ಲಿ ‘ಚೌನ್’, ‘ಚ್‌ಮಾಡ್’ ಆಜ್ಞೆಗಳೇ ದಾರಿ.

ಬೀಗ ಹಾಕುವುದು ಮನೆಯವರ ಮೇಲಣ ಅಪನಂಬಿಕೆಯಿಂದಲ್ಲ. ಕೈತಪ್ಪು ಎಲ್ಲರಿಗೂ ಸಹಜ. ಆದರೆ ಬೀಗ ಎಷ್ಟೇ ಭದ್ರವಾಗಿದ್ದರೂ ಇನ್ನೊಂದು ಪ್ರತಿಗೆ ಸಮನಾಗದು. ಆ ಮನೆಯಲ್ಲಿ ಈಗ ಪ್ರತಿಯೂ ಒಂದಿದೆ. ಮಗಳು ಅಜ್ಜಿಯ ಎರಡು ಪಾಡ್ದನಗಳನ್ನು ಆಗಾಗ ಹಚ್ಚಿ ಕೇಳುತ್ತಾಳೆ. ಮೂರನೆಯದನ್ನು ಕುರಿತು ಮನೆಯಲ್ಲಿ ಯಾರೂ ಮಾತೆತ್ತುವುದಿಲ್ಲ.