ಎರಡು ಸಾವಿರ: ಹಕ್ಕೋ, ಹಂಗೋ?

ಪ್ರಶ್ನೆ: ಉಳ್ಳವರ, ಇಲ್ಲದವರ ನಡುವಿನ ಅಂತರ ತಗ್ಗಿಸಲು ಸರ್ಕಾರ ಬಡವರ ಕೈಗೆ ನೇರವಾಗಿ ಹಣ ಕೊಡಬೇಕೇ? ಗದಗ ಜಿಲ್ಲೆಯ ಡಂಬಳ ಸೀಮೆಯನ್ನು ಬಲ್ಲ ಇಬ್ಬರ ಮಾತು ಇಲ್ಲಿದೆ.

ಪರ
ಕಾಯುವ ತಾಕತ್ತು ಬಡವರಿಗೂ ಬೇಕು
(ಡಂಬಳದ ಸ್ವಸಹಾಯ ಸಂಘವೊಂದರ ಕಾರ್ಯಕರ್ತೆ)

ನಮ್ಮೂರಿನ ಚಹಾದಂಗಡಿಯಲ್ಲಿ ಈಗ ಒಂದೇ ದೂರು: ‘ಹೊಲಕ್ಕ ಆಳು ಸಿಗವಲ್ರು. ಗೃಹಲಕ್ಷ್ಮಿ ಹೆಣ್ಮಕ್ಕಳನ್ನ ಕೆಡಿಸಿಬಿಟ್ಟೈತಿ.’ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಒಳಗೊಳಗೇ ಖುಷಿ. ಯೋಜನೆ ಕೆಲಸ ಮಾಡುತ್ತಿದೆ ಎನ್ನಲು ಬೇರೆ ಸಾಕ್ಷಿ ಏಕೆ ಬೇಕು?

ಆಳು ಸಿಗುವುದಿಲ್ಲ ಎಂದರೆ ಹಳೆಯ ಕೂಲಿಗೆ ಸಿಗುವುದಿಲ್ಲ ಎಂದರ್ಥ. ಒಂದೇ ಹೊಲ, ಒಂದೇ ಬಿಸಿಲು. ಗಂಡಾಳಿಗೆ ಒಂದು ಪಗಾರ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಉದ್ಯೋಗ ಖಾತ್ರಿಯಲ್ಲಿ 2024-25ರ ದಿನಗೂಲಿ 349 ರೂಪಾಯಿ, ಅದು ಇಬ್ಬರಿಗೂ ಒಂದೇ. ಖಾಸಗಿ ಹೊಲದ ಬದು ದಾಟಿ ಆ ನ್ಯಾಯ ಒಳಗೆ ಬರಲಿಲ್ಲ. ಮನೆಯಲ್ಲಿ ಜೋಳ ಮುಗಿದ ಹೆಂಗಸು ‘ಇಷ್ಟಕ್ಕ ನಾ ಬರೂದಿಲ್ಲ’ ಎನ್ನುವುದಾದರೂ ಹೇಗೆ? 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಶುರುವಾಯಿತು. ಗಂಡನ ಖಾತೆಗಲ್ಲ, ಅವಳದೇ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಈಗ ಅವಳು ಒಂದು ದಿನ ಮನೆಯಲ್ಲಿ ಕೂತು ದರ ಕೇಳಬಲ್ಲಳು. ಅದನ್ನೇ ಚಹಾದಂಗಡಿಯವರು ‘ಕೆಡುವುದು’ ಎನ್ನುತ್ತಿದ್ದಾರೆ.

ಅಸಮಾನತೆ ಎಂದ ಕೂಡಲೇ ಪೇಟೆಯವರಿಗೆ ಮುಂಬೈಯ ಬಂಗಲೆ ನೆನಪಾಗುತ್ತದೆ. ನಮ್ಮ ಎರಿಭೂಮಿಯಲ್ಲಿ ಅದು ಇರುವುದು ಯಾರು ಕಾಯಬಲ್ಲರು, ಯಾರು ಕಾಯಲಾರರು ಎನ್ನುವುದರಲ್ಲಿ. ಹೆಸರುಕಾಳನ್ನೇ ನೋಡಿ. ಮುಂಗಾರಿಗೆ ಬಿತ್ತಿದ್ದು ಆಗಸ್ಟ್ ಹೊತ್ತಿಗೆ ರಾಶಿಯಾಗುತ್ತದೆ. 2024-25ಕ್ಕೆ ಕೇಂದ್ರ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 8,682 ರೂಪಾಯಿ. ಆದರೆ ಖರೀದಿ ಕೇಂದ್ರ ತೆರೆಯಬೇಕು, ನೋಂದಣಿಯಾಗಬೇಕು, ಚೀಲ ತೂಗಬೇಕು, ಆಮೇಲೆ ದುಡ್ಡು. ಮೂವತ್ತು ಎಕರೆಯವನು ಕಾಯುತ್ತಾನೆ. ಎರಡು ಎಕರೆಯವನ ಬಾಗಿಲಲ್ಲಿ ಗೊಬ್ಬರದಂಗಡಿಯವನು ನಿಂತಿರುತ್ತಾನೆ. ರೈತ ಸಿಕ್ಕ ಗಾಡಿಗೆ ಹೇರಿ, ದಲ್ಲಾಳಿ ಹೇಳಿದ ದರಕ್ಕೆ ಸುರಿದು ಬರುತ್ತಾನೆ. ಮೆಣಸಿನಕಾಯಿಯದೂ ಇದೇ ಕತೆ. ಉಳ್ಳವನ ಚೀಲ ಬ್ಯಾಡಗಿಯ ಶೀತಲಗೃಹದಲ್ಲಿ ತಂಪಾಗಿ ಮಲಗಿ ಒಳ್ಳೆಯ ದರದ ದಾರಿ ನೋಡುತ್ತದೆ. ಇಲ್ಲದವನ ಚೀಲ ಕಣದಿಂದಲೇ ಮಾರಾಟವಾಗುತ್ತದೆ. ಒಂದೇ ಮಣ್ಣು, ಒಂದೇ ಮಳೆ, ಒಂದೇ ಬೆಳೆ. ದರ ಮಾತ್ರ ಎರಡು.

ಎರಡು ಸಾವಿರದಲ್ಲಿ ಗೊಬ್ಬರದ ಸಾಲ ತೀರುವುದಿಲ್ಲ, ನನಗೂ ಗೊತ್ತು. ಕಿರಾಣಿಯ ಉದ್ರಿ ತೀರುತ್ತದೆ. ಅದು ತೀರಿದರೆ ಗೊಬ್ಬರದವನಿಗೆ ‘ಹದಿನೈದು ದಿನ ತಡೀರಿ’ ಎನ್ನಲು ಬಾಯಿ ಬರುತ್ತದೆ. ಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು, ಒಳ್ಳೆಯದೇ. ಆದರೆ ಕಾನೂನು ವಸೂಲಿಗೆ ಬಂದವನನ್ನು ಹೊಸ್ತಿಲಾಚೆ ನಿಲ್ಲಿಸೀತು. ನಾವೇ ಸಾಲಕ್ಕೆ ಅವನ ಹತ್ತಿರ ಹೋಗದಂತೆ ಮಾಡುವುದು ಸೆರಗಿನ ಗಂಟಿನ ದುಡ್ಡೇ.

ಇದು ಮತಕ್ಕೆ ಕೊಟ್ಟ ಲಂಚ ಅಂತೀರಾ? 2024ರ ಲೋಕಸಭೆ ಚುನಾವಣೆಯಲ್ಲಿ ಗೃಹಲಕ್ಷ್ಮಿ ಸೇರಿ ಐದು ಗ್ಯಾರಂಟಿ ಕೊಟ್ಟ ಪಕ್ಷಕ್ಕೆ ರಾಜ್ಯದಲ್ಲಿ ಬಂದದ್ದು 28ರಲ್ಲಿ 9 ಸ್ಥಾನ. ಜನ ದುಡ್ಡು ತೆಗೆದುಕೊಂಡರು, ಮತವನ್ನು ಮನಸ್ಸಿಗೆ ಬಂದವರಿಗೆ ಹಾಕಿದರು. ಋಣ ಯಾವುದು, ಹಕ್ಕು ಯಾವುದು ಎಂದು ಅವರಿಗೆ ಯಾರೂ ಪಾಠ ಹೇಳಬೇಕಿಲ್ಲ. ತೆರಿಗೆದಾರರ ಹಣ ಅಂತೀರಾ? ಸೋಪು, ಚಹಾಪುಡಿ, ಮೊಬೈಲ್ ರೀಚಾರ್ಜಿಗೆ ನಾವೇನು ತೆರಿಗೆ ಕಟ್ಟುವುದಿಲ್ಲವೇ?

ಇರುವ ತಕರಾರು ಒಂದೇ. ಕಂತು ಹೊತ್ತಿಗೆ ಸರಿಯಾಗಿ ಬರಬೇಕು. ತಡವಾದ ತಿಂಗಳುಗಳಲ್ಲಿ ನಮ್ಮ ಸಂಘದವರೇ ಮತ್ತೆ ಅದೇ ಕಿರಾಣಿ ಕಟ್ಟೆ ಹತ್ತಿದರು; ಒಬ್ಬಾಕೆ ಗುಂಡಿನ ಸರ ಅಡವಿಟ್ಟಳು. ಇಷ್ಟು ವರ್ಷವಾದ ಮೇಲೂ ಒಂದು ಕಂತು ತಪ್ಪಿದರೆ ನೆಲಕ್ಕೆ ಬೀಳುತ್ತೇವಾದರೆ ಇದು ಕಾಲೋ, ಊರುಗೋಲೋ ಎಂದು ಅವತ್ತು ನನಗೂ ಅನಿಸಿತು. ಊರುಗೋಲೇ ಆಗಲಿ. ಕಸಿಯುವ ಮುಂಚೆ ಕಾಲು ಕೊಡಿ.

ವಿರೋಧ
ಸರ್ಕಾರ ದಾರಿ ಮಾಡಲಿ, ದುಡ್ಡು ಹಂಚುವುದು ಬೇಡ
(ಗದಗದ ನಿವೃತ್ತ ವಾಣಿಜ್ಯಶಾಸ್ತ್ರ ಉಪನ್ಯಾಸಕ)

‘ನೀವು ವಿರೋಧದ ಪರ ಬರೆಯಿರಿ’ ಎಂದು ಸಂಪಾದಕರು ನಿನ್ನೆ ಸಂಜೆ ಫೋನ್ ಮಾಡಿದರು. ಅಂಶಗಳನ್ನು ಕ್ರಮವಾಗಿ ಕೊಡುತ್ತೇನೆ.

ಒಂದು, ಲೆಕ್ಕ. 2025-26ರ ರಾಜ್ಯ ಬಜೆಟ್ ಸುಮಾರು 4.09 ಲಕ್ಷ ಕೋಟಿ ರೂಪಾಯಿ. ಐದು ಗ್ಯಾರಂಟಿಗಳಿಗೆ ಎತ್ತಿಟ್ಟದ್ದು 51,034 ಕೋಟಿ. ಎಂಟು ರೂಪಾಯಿಯಲ್ಲಿ ಒಂದು ರೂಪಾಯಿ ಹಂಚಿಕೆಗೇ ಹೋದರೆ ಶಾಲೆ, ರಸ್ತೆ, ಕಾಲುವೆಗೆ ಉಳಿಯುವುದೆಷ್ಟು?

ಎರಡು, ಅಂತರ. ವರ್ಲ್ಡ್ ಇನ್‌ಇಕ್ವಾಲಿಟಿ ಲ್ಯಾಬ್ ಅಂದಾಜಿನಂತೆ 2022-23ರಲ್ಲಿ ದೇಶದ ಸಂಪತ್ತಿನಲ್ಲಿ ಶೇ 40.1 ಭಾಗ ಮೇಲಿನ ಶೇ 1ರಷ್ಟು ಜನರ ಬಳಿ ಇತ್ತು. ಕೆಳಗಿನವರಿಗೆ ಎರಡು ಸಾವಿರ ಕೊಟ್ಟರೆ ಆ ಗುಡ್ಡ ಕರಗುವುದಿಲ್ಲ. ಹಾಗಾದರೆ ಗುಡ್ಡದ ಮೇಲೆಯೇ ತೆರಿಗೆ ಹಾಕಿ ಎನ್ನುವವರಿದ್ದಾರೆ. ಅದು ಬೇರೆ ಚರ್ಚೆ.

ಮೂರು, ನೀರು. ಹಮ್ಮಿಗಿಯ ಬ್ಯಾರೇಜು, ಸಿಂಗಟಾಲೂರು ಏತ ನೀರಾವರಿ ನಮ್ಮ ಕಣ್ಣೆದುರಿಗಿವೆ. ತುಂಗಭದ್ರೆಯ ನೀರು ಕೊನೆಯ ಹೊಲ ಮುಟ್ಟಿದರೆ ಗುಳೆ ತಾನಾಗಿ ನಿಲ್ಲುತ್ತದೆ. ಅದು ಸರ್ಕಾರವೇ ಮಾಡಬೇಕಾದ ಕೆಲಸ.

ನಾಲ್ಕು, ಇತಿಹಾಸ. ಡಂಬಳದ 1095ರ ಶಾಸನ ಹೇಳುವ ಬೌದ್ಧ ವಿಹಾರವನ್ನು ಕಟ್ಟಿಸಿದವರು ಹದಿನಾರು ಸೆಟ್ಟಿಗರು. ಅವರು ಅರಮನೆಯ ದಾರಿ ಕಾಯಲಿಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿ ರೈತರನ್ನು ಬಡ್ಡಿಯಿಂದ ಬಿಡಿಸಲು ಹೊರಟರು. ಜನ ತಾವೇ ಎದ್ದು ನಿಂತ ಉದಾಹರಣೆ ಇದು. 1904ರಲ್ಲಿ ಸರ್ಕಾರ ಸಹಕಾರ ಕಾಯ್ದೆ ತಂದಿತ್ತೆಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ನನ್ನ ಹಳೆಯ ವಿದ್ಯಾರ್ಥಿಗಳು ಬಿಡುವುದಿಲ್ಲ.

ಐದು, ಉದ್ಯೋಗ. ಕೈಗಾರಿಕೆ ಬಂದರೆ ಅಂತರ ತಗ್ಗುತ್ತದೆ. ಹೀಗೆ ಬರೆಯುವಾಗ ಹಳ್ಳಿಗುಡಿ ನೆನಪಾಗುತ್ತದೆ. 2011ರಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆಂದು ಅಲ್ಲಿ ಭೂಸ್ವಾಧೀನಕ್ಕೆ ಹೊರಟಾಗ ಡಂಬಳ-ಗದಗದ ತೋಂಟದ ಸಿದ್ಧಲಿಂಗ ಸ್ವಾಮೀಜಿ ರೈತರ ಮುಂದೆ ನಿಂತರು, ಸರ್ಕಾರ ಹಿಂದೆ ಸರಿಯಿತು. ಅಂದು ಆ ಗುಂಪಿನಲ್ಲಿ ನಾನೂ ಘೋಷಣೆ ಕೂಗಿದ್ದೆ. ಆದ್ದರಿಂದ ಕಾರ್ಖಾನೆ ಬರಲಿ, ಎರಿಭೂಮಿ ಬಿಟ್ಟು ಬರಲಿ. ಎಲ್ಲಿಗೆ ಎಂಬುದನ್ನು ತಜ್ಞರು ಹೇಳಲಿ.

ಆರು, ಕಾಯಕ. ನಮ್ಮದು ಶರಣರ ನೆಲ. ಕಾಯಕ ಮೊದಲು, ದಾಸೋಹ ಆಮೇಲೆ. ದುಡಿಯದೆ ಬಂದ ಹಣ ಮನುಷ್ಯನನ್ನು ಹಂಗಿಗೆ ಕೆಡವುತ್ತದೆ.

ಈ ಆರನೆಯ ಅಂಶವನ್ನು ಮನೆಯಾಕೆಗೆ ಓದಿ ಹೇಳಿದೆ. ‘ನಿಮ್ಮ ಪೆನ್ಶನ್ ಯಾವ ಕಾಯಕದ್ದು?’ ಎಂದಳು. ಮೂವತ್ತು ವರ್ಷ ಪಾಠ ಮಾಡಿದ್ದಕ್ಕೆ ಎಂದೆ. ‘ನಾ ನಲವತ್ತು ವರ್ಷ ರೊಟ್ಟಿ ಬಡದೀನಿ, ಅದೇನು ಆಟ ಆಡಿದ್ನೇನು?’ ಎಂದಳು.

ಏಳನೆಯ ಅಂಶವೂ ಇತ್ತು. ಕೊಟ್ಟ ಜಾಗ ಮುಗಿಯಿತು.