ಬೀಗ ತೆಗಿ ಅಂದರೆ ಚೀಟಿ ಎಲ್ಲಿ ಅನ್ನಿ

ಆಲೂರು, ಸಕಲೇಶಪುರದ ಕಾಫಿತೋಟಗಳ ಲೈನ್‌ಮನೆಗೆ ಪೊಲೀಸರು ನುಗ್ಗಿ ಹುಡುಕಿದರೆ ಪಂಚರು ಬೇಕು, ಮಹಜರು ಬೇಕು. ಅಷ್ಟು ನಮ್ಮವರಿಗೂ ಗೊತ್ತು. ಅದೇ ಕೂಲಿಯವನ ಜೇಬಿನ ಮೊಬೈಲು? "ತೆಗಿಯೋ ಬೀಗ" ಅಂತ ಗದರಿದರೆ ಸಾಕು, ಹೆಬ್ಬೆಟ್ಟು ಒತ್ತಿ ಕೊಡ್ತಾನೆ. ಸಾಲಪತ್ರಕ್ಕೆ ಅವನಪ್ಪ ಒತ್ತಿದ್ದೂ ಹೀಗೇ. ಸಂಘದ ಮಾತು, ಹೆಂಡತಿ ಜತೆಗಿನ ಮಾತು, ಸಾಲ, ಕಾಯಿಲೆ, ಹೋಗಿಬಂದ ಜಾಗ ಎಲ್ಲಾ ಅದರೊಳಗಿದೆ. ಅವನ ಮನೆಗಿಂತ ದೊಡ್ಡ ಮನೆ ಅದು.

ಇದನ್ನು ತೆಗೆಯೋ ದಾರಿ ಹಲವು. ಕೇಬಲ್ಲು ಹಾಕಿ, ಫೋನು ತಾನಾಗಿ ಬಿಟ್ಟುಕೊಡುವ ನಂಬರು, ಮೆಸೇಜು, ಫೋಟೊ ನಕಲು ಮಾಡುವುದು ಒಂದು. ನೆನಪಿನ ಚಿಪ್ಪನ್ನೇ ಅಕ್ಷರ ಬಿಡದಂತೆ ನಕಲೆತ್ತುವುದು ಇನ್ನೊಂದು. ಅಳಿಸಿದ್ದೂ ಕೆಲವು ಸಲ ಎದ್ದು ಬರುತ್ತದೆ. ಫೋನು ಸತ್ತಿದ್ದರೆ ಬೆಸುಗೆ ಕರಗಿಸಿ ಚಿಪ್ಪನ್ನೇ ಕೀಳುತ್ತಾರೆ. ಇಸ್ರೇಲಿನ ಸೆಲೆಬ್ರೈಟ್ ಕಂಪನಿ ಬೀಗ ಒಡೆಯುವ ಯಂತ್ರ ಮಾಡಿ ದೇಶದೇಶದ ಪೊಲೀಸರಿಗೆ ಮಾರುತ್ತದೆ. ಆದರೆ ಇವತ್ತಿನ ಫೋನುಗಳಲ್ಲಿ ಎಲ್ಲವೂ ಗೂಢಲಿಪಿ. ಬೀಗದ ಸಂಖ್ಯೆ ಇಲ್ಲದಿದ್ದರೆ ಕಿತ್ತ ಚಿಪ್ಪಿನಿಂದ ಹುಟ್ಟುವುದು ಕಡಿಮೆ. ಹಾಗಾಗಿ ಅಗ್ಗದ ಯಂತ್ರ ಯಾವುದು? ಗದರಿಕೆ.

2021ರ ಮಾರ್ಚಿಯಲ್ಲಿ ವೀರೇಂದ್ರ ಖನ್ನಾ ಮೊಕದ್ದಮೆಯಲ್ಲಿ ಕರ್ನಾಟಕ ಹೈಕೋರ್ಟು ಹೇಳಿತು: ತುರ್ತು ಸಂದರ್ಭ ಬಿಟ್ಟರೆ ಫೋನಿನೊಳಗೆ ಹುಡುಕಲು ಕೋರ್ಟಿನ ವಾರಂಟು ಬೇಕು. ಪಾಸ್‌ವರ್ಡು ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಲ್ಲ ಎಂದೂ ಹೇಳಿತು. ಇದಕ್ಕೆ ನನ್ನ ತಕರಾರಿದೆ. ತಲೆಯೊಳಗಿನದನ್ನು ಬಾಯಿಬಿಡಿಸಿದರೆ ಅದು ಸಾಕ್ಷಿಯಲ್ಲದೆ ಮತ್ತೇನು? ಸಂವಿಧಾನದ 20(3)ನೇ ವಿಧಿ ಯಾರಿಗಾಗಿ ಇದೆ?

ಹಾಗಂತ ಫೋನಿನ ಸಾಕ್ಷಿಯೇ ಬೇಡ ಅನ್ನೋಕಾಗಲ್ಲ. ನಮ್ಮ ಜಿಲ್ಲೆಯನ್ನೇ ನೋಡಿ. 2024ರ ಏಪ್ರಿಲ್‌ನಲ್ಲಿ, ಚುನಾವಣೆ ಹೊತ್ತಲ್ಲಿ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ವಿಡಿಯೊಗಳು ಪೆನ್‌ಡ್ರೈವ್‌ನಲ್ಲಿ ಹಾಸನದ ತುಂಬ ಕೈಯಿಂದ ಕೈಗೆ ಹೋದವು. ಮುಖ ಮುಚ್ಚಲಿಲ್ಲ, ಹೆಸರು ಮುಚ್ಚಲಿಲ್ಲ. ಪಂಚರಿಲ್ಲ, ಮೊಹರಿಲ್ಲ. ನ್ಯಾಯ ಅಂತ ಹಂಚಿದವರೂ ಆ ಹೆಂಗಸರನ್ನು ಎರಡನೇ ಸಲ ಬೀದಿಗೆಳೆದರು. 2025ರ ಆಗಸ್ಟ್ 2ರಂದು ಮಾಜಿ ಸಂಸದ ಪ್ರಜ್ವಲ್ ರೇವಣ್ಣನಿಗೆ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತಲ್ಲ, ಅದಕ್ಕೆ ಬೀದಿಯ ಪೆನ್‌ಡ್ರೈವ್ ಸಾಲಲಿಲ್ಲ. ಮನೆಗೆಲಸದ ಹೆಣ್ಣೊಬ್ಬಳು ನಿಂತು ನುಡಿದ ಸಾಕ್ಷಿ ಬೇಕಾಯಿತು, ಪ್ರಯೋಗಾಲಯದ ಪರೀಕ್ಷೆ ಬೇಕಾಯಿತು.

ದೊಡ್ಡವನನ್ನು ಹಿಡಿಯುವುದೂ ಕ್ರಮವೇ, ಬಡವನನ್ನು ಕಾಯುವುದೂ ಕ್ರಮವೇ. ನಕಲಿಗೆ ಹ್ಯಾಶ್ ಅಂತ ಒಂದು ಗುರುತು ತೆಗೀತಾರೆ. ಒಳಗೆ ಒಂದಕ್ಷರ ಬದಲಾದರೂ ಗುರುತು ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಸಾಕ್ಷ್ಯ ಕಾಯ್ದೆಯ ಪ್ರಮಾಣಪತ್ರದಲ್ಲಿ ಅದನ್ನು ಬರೆಯಬೇಕು. ಅದೇ ದಿನ ಬಂದ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಶೋಧ, ಜಪ್ತಿಯನ್ನು ವಿಡಿಯೊ ಮಾಡಬೇಕು.

ಮೇಷ್ಟ್ರುಗಳೇ, ಭಾನುವಾರ ಲೈನ್‌ಮನೆಗಳ ಕಡೆ ಹೋಗಿ ಮೂರು ಮಾತು ಕಲಿಸಿ: ವಾರಂಟು ಎಲ್ಲಿ ಸ್ವಾಮಿ? ವಿಡಿಯೊ ಮಾಡ್ತಿದೀರಾ? ಹ್ಯಾಶ್ ಬರೆದ ಕಾಗದದ ನಕಲು ನನಗೂ ಕೊಡ್ತೀರಾ?