ಪಾರ್ಕಿನ್‌ಸನ್ ಎಂದರೆ ನಡುಕ ಮಾತ್ರವಲ್ಲ

1996ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ಆರಂಭವಾದ ರಾತ್ರಿ ಕ್ರೀಡಾಜ್ಯೋತಿ ಬೆಳಗಿಸಿದವರು ಬಾಕ್ಸಿಂಗ್ ವೀರ ಮುಹಮ್ಮದ್ ಅಲಿ. ಒಂದು ಕೈಯಲ್ಲಿ ದೀವಟಿಗೆಯಿತ್ತು. ಇನ್ನೊಂದು ಕೈ ನಡುಗುತ್ತಲೇ ಇತ್ತು. ನಮ್ಮಲ್ಲಿ ಅನೇಕರಿಗೆ ಪಾರ್ಕಿನ್‌ಸನ್ ಎಂಬ ಹೆಸರು ಪರಿಚಯವಾದದ್ದು ಆ ನಡುಗುವ ಕೈಯಿಂದಲೇ. ಅವರಿಗೆ ಈ ಕಾಯಿಲೆಯಿರುವುದು ಪತ್ತೆಯಾದದ್ದು 1984ರಲ್ಲಿ, 42ನೇ ವಯಸ್ಸಿನಲ್ಲಿ. 2016ರಲ್ಲಿ ತೀರಿಕೊಳ್ಳುವವರೆಗೆ 30ಕ್ಕೂ ಹೆಚ್ಚು ವರ್ಷ ಅವರು ಅದರೊಂದಿಗೆ ಬದುಕಿದರು.

ಪಾರ್ಕಿನ್‌ಸನ್ ಎಂದರೆ ಕೈ ನಡುಕ ಎಂದೇ ನಾವು ತಿಳಿದಿದ್ದೇವೆ. ಆದರೆ ನಿಮ್ಮ ಮನೆಯ ಹಿರಿಯರೊಬ್ಬರಿಗೆ ಈ ಕಾಯಿಲೆಯಿದ್ದರೆ, ಅವರನ್ನು ಹೆಚ್ಚು ಕಂಗೆಡಿಸುತ್ತಿರುವುದು ನಡುಕವೇ ಆಗಿರಬೇಕೆಂದಿಲ್ಲ. ಮೂರು ನಾಲ್ಕು ದಿನವಾದರೂ ಹೊಟ್ಟೆ ಖಾಲಿಯಾಗುವುದಿಲ್ಲ. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳಬೇಕಾಗುತ್ತದೆ. ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬರುತ್ತದೆ. ಇವನ್ನೆಲ್ಲ ಅವರು ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ. ಹೇಳಿದರೂ "ವಯಸ್ಸಾಯಿತಲ್ಲ" ಎಂದು ನಾವು ಸುಮ್ಮನಾಗಿ ಬಿಡುತ್ತೇವೆ. ಆದರೆ ಇವು ಅದೇ ಕಾಯಿಲೆಯ ಇನ್ನೊಂದು ಮುಖವಾಗಿರಬಹುದು. ಇದನ್ನು ತಿಳಿದುಕೊಂಡರೆ ಎಷ್ಟೋ ಮನೆಗಳಲ್ಲಿ ಹಿರಿಯರು ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದನ್ನು ತಪ್ಪಿಸಬಹುದು.

ತಾವಾಗಿಯೇ ದುಡಿಯುವ ನರಗಳು

ಕೈ ಎತ್ತಬೇಕಾದರೆ ನಾವು ಮನಸ್ಸು ಮಾಡಬೇಕು. ಹೃದಯ ಬಡಿಯಲು, ಉಂಡದ್ದು ಜೀರ್ಣವಾಗಲು, ಸೆಕೆಗೆ ಬೆವರಲು ಹಾಗೇನೂ ಬೇಕಿಲ್ಲ. ನಾವು ನಿದ್ದೆಯಲ್ಲಿರುವಾಗಲೂ ಈ ಕೆಲಸಗಳನ್ನು ನೋಡಿಕೊಳ್ಳುವ ನರಗಳ ಜಾಲಕ್ಕೆ ಸ್ವಾಯತ್ತ ನರವ್ಯೂಹ ಎಂದು ಹೆಸರು. ನೀವು ಎದ್ದು ನಿಂತಾಗ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ಕ್ಷಣಾರ್ಧದಲ್ಲಿ ಈ ನರಗಳು ರಕ್ತನಾಳಗಳನ್ನು ಬಿಗಿಗೊಳಿಸಿ ಮಿದುಳಿಗೆ ರಕ್ತ ಕಡಿಮೆಯಾಗದಂತೆ ನೋಡಿಕೊಳ್ಳುತ್ತವೆ.

ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಮಿದುಳಿನ ಒಂದು ಸಣ್ಣ ಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಸಾಯುತ್ತವೆ. ನಡುಕ, ಬಿಗಿತ, ನಿಧಾನಗತಿಗಳಿಗೆ ಇದು ಕಾರಣ. ಆದರೆ ಹಾನಿ ಅಲ್ಲಿಗೇ ನಿಲ್ಲುವುದಿಲ್ಲ. 1912ರಲ್ಲಿ ಜರ್ಮನಿಯ ಫ್ರಿಟ್ಸ್ ಲೂಯಿ ಎಂಬ ವೈದ್ಯರು ಇಂತಹ ರೋಗಿಗಳ ನರಕೋಶಗಳಲ್ಲಿ ವಿಚಿತ್ರ ಗಂಟುಗಳನ್ನು ಕಂಡರು. ಅವರು ಅವನ್ನು ಕಂಡ ಜಾಗಗಳಲ್ಲಿ ಒಂದು, ಹೃದಯ ಮತ್ತು ಕರುಳಿಗೆ ಹೋಗುವ ವೇಗಸ್ ನರದ ಮೂಲಸ್ಥಾನ. ಈ ಗಂಟುಗಳಲ್ಲಿರುವುದು ಆಲ್ಫಾ ಸೈನುಕ್ಲಿನ್ ಎಂಬ ಪ್ರೊಟೀನ್ ಎಂಬುದು 1997ರಲ್ಲಿ ತಿಳಿಯಿತು. ಕರುಳಿನ ಗೋಡೆಯ ನರಗಳಲ್ಲಿ, ಹೃದಯದ ನರಗಳಲ್ಲಿ ಕೂಡ ಇದು ಸಿಗುತ್ತದೆ.

ಆದ್ದರಿಂದಲೇ ಕೆಲವರಿಗೆ ಕೈ ನಡುಗುವ ಎಷ್ಟೋ ವರ್ಷಗಳ ಮೊದಲೇ ಮಲಬದ್ಧತೆ ಆರಂಭವಾಗಿರುತ್ತದೆ. ವಾಸನೆ ತಿಳಿಯದಿರುವುದು, ನಿದ್ದೆಯಲ್ಲಿ ಕನಸು ಕಂಡಂತೆ ಕೈಕಾಲು ಬಡಿಯುವುದು ಕೂಡ ಹೀಗೆಯೇ. ಹಾಗೆಂದು ಮಲಬದ್ಧತೆ ಇರುವವರೆಲ್ಲ ಗಾಬರಿಯಾಗಬೇಕಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಬರುವುದೇ ಇಲ್ಲ.

ನಿಂತಾಗ ಕುಸಿಯುವ ಬಿ.ಪಿ.

ಇವುಗಳಲ್ಲೆಲ್ಲ ಹೆಚ್ಚು ಅಪಾಯಕಾರಿಯಾದುದು ಎದ್ದು ನಿಂತಾಗ ರಕ್ತದೊತ್ತಡ ಕುಸಿಯುವುದು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ, ಹೊಟ್ಟೆ ತುಂಬ ಉಂಡ ಮೇಲೆ, ಬಿಸಿನೀರಿನ ಸ್ನಾನದ ನಂತರ, ಸೆಕೆಯಲ್ಲಿ ಇದು ಹೆಚ್ಚು. ನಮಾಝಿನಲ್ಲಿ ಸುಜೂದ್‌ನಿಂದ ಎದ್ದು ನಿಲ್ಲುವಾಗ ತೂರಾಡುವ ಹಿರಿಯರನ್ನು ನೀವು ಕಂಡಿರಬಹುದು. ಕೆಲವರಿಗೆ ತಲೆ ತಿರುಗುವುದೇ ಇಲ್ಲ. ಕುತ್ತಿಗೆ ಮತ್ತು ಭುಜ ನೋಯುತ್ತದೆ, ಕಾಲು ಸೋಲುತ್ತದೆ, ಮನಸ್ಸು ಮಂಕಾಗುತ್ತದೆ ಅಷ್ಟೇ.

ಇದನ್ನು ಪತ್ತೆ ಮಾಡಲು ದೊಡ್ಡ ಯಂತ್ರವೇನೂ ಬೇಡ. ಐದು ನಿಮಿಷ ಮಲಗಿಸಿ ಬಿ.ಪಿ. ನೋಡಬೇಕು. ನಂತರ ಎದ್ದು ನಿಲ್ಲಿಸಿ ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ತೊಂದರೆಯಿದೆ ಎಂದರ್ಥ. ಮನೆಯಲ್ಲಿ ನೋಡುವುದಾದರೆ ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರಿರಲಿ.

ಇಲ್ಲಿ ಎರಡು ತಪ್ಪುಗಳಾಗುವುದುಂಟು. ಒಂದು, ಕ್ಲಿನಿಕ್‌ನಲ್ಲಿ ಕೂರಿಸಿ ಮಾತ್ರ ಬಿ.ಪಿ. ನೋಡುವುದು. ಇಂತಹ ರೋಗಿಗಳಲ್ಲಿ ಕೆಲವರಿಗೆ ಮಲಗಿದಾಗ ಬಿ.ಪಿ. ಏರುತ್ತದೆ, ನಿಂತಾಗ ಕುಸಿಯುತ್ತದೆ. ಏರಿದ್ದನ್ನು ಮಾತ್ರ ನೋಡಿ ಬಿ.ಪಿ. ಮಾತ್ರೆ ಹೆಚ್ಚಿಸಿದರೆ ಅವರು ಇನ್ನಷ್ಟು ಬೀಳುತ್ತಾರೆ. ಮೂತ್ರ ಸರಾಗವಾಗಲೆಂದು ಕೊಡುವ ಕೆಲವು ಪ್ರಾಸ್ಟೇಟ್ ಮಾತ್ರೆಗಳು ಮತ್ತು ಪಾರ್ಕಿನ್‌ಸನ್ ಮಾತ್ರೆಗಳು ಕೂಡ ಒತ್ತಡವನ್ನು ಇಳಿಸಬಲ್ಲವು. ಹಾಗೆಂದು ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ವೈದ್ಯರ ಮುಂದಿಡಿ.

ಎರಡನೆಯ ತಪ್ಪು, ತಲೆತಿರುಗಿಗೆಂದು ಔಷಧದಂಗಡಿಯಿಂದ ಮಾತ್ರೆ ತಂದು ನುಂಗಿಸುವುದು. ಸಿನ್ನರಿಝಿನ್, ಪ್ರೊಕ್ಲೋರ್‌ಪೆರಝಿನ್‌ನಂತಹ ಮಾತ್ರೆಗಳು, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಇವು ಡೋಪಮಿನ್‌ಗೆ ಅಡ್ಡ ಬರುತ್ತವೆ. ಬಿಗಿತ ಮತ್ತು ನಡುಕ ಇನ್ನಷ್ಟು ಹೆಚ್ಚುತ್ತದೆ. ಕಾಯಿಲೆ ಇಲ್ಲದ ವೃದ್ಧರಲ್ಲಿಯೂ ಇವು ಪಾರ್ಕಿನ್‌ಸನ್‌ನಂತಹ ಲಕ್ಷಣಗಳನ್ನು ತರಬಲ್ಲವು. ಯಾವ ಕ್ಲಿನಿಕ್‌ಗೆ ಹೋದರೂ "ಇವರಿಗೆ ಪಾರ್ಕಿನ್‌ಸನ್ ಇದೆ" ಎಂದು ಮೊದಲೇ ಹೇಳಿಬಿಡಿ.

ಮನೆಯಲ್ಲಿ ನೀವೇನು ಮಾಡಬಹುದು?

ಏಳುವ ಮೊದಲು ಒಂದೆರಡು ಲೋಟ ನೀರು ಕುಡಿಸಿ. ಎರಡು ನಿಮಿಷ ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತ ಮೇಲೆಯೇ ನಿಲ್ಲಲಿ. ಕಣ್ಣು ಕತ್ತಲೆ ಬಂದರೆ ನಾಚದೆ ಅಲ್ಲಿಯೇ ಕುಳಿತುಬಿಡಲಿ. ಮಂಚದ ತಲೆಭಾಗದ ಕಾಲುಗಳಿಗೆ ಅರ್ಧ ಅಡಿಯಷ್ಟು ಎತ್ತರ ಕೊಟ್ಟರೆ ರಾತ್ರಿ ಏರುವ ಒತ್ತಡವೂ, ಬೆಳಿಗ್ಗೆ ಕುಸಿಯುವ ಒತ್ತಡವೂ ಹತೋಟಿಗೆ ಬರುತ್ತದೆ. ಒಮ್ಮೆಗೇ ಬಟ್ಟಲು ತುಂಬ ಅನ್ನ ಬಡಿಸುವ ಬದಲು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ. ಉಪ್ಪನ್ನು ಹೆಚ್ಚಿಸುವುದಿದ್ದರೆ ವೈದ್ಯರನ್ನು ಕೇಳಿಯೇ ಹೆಚ್ಚಿಸಿ.

ಗಂಡಸರು ರಾತ್ರಿ ಕುಳಿತೇ ಮೂತ್ರ ಮಾಡಲಿ. ದಾರಿಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ. ಹಾಸಿಗೆಯ ಪಕ್ಕದಲ್ಲಿ ಮೂತ್ರದ ಪಾತ್ರೆಯನ್ನಿಟ್ಟರೆ ಇನ್ನೂ ಒಳ್ಳೆಯದು. ಮೂತ್ರದ ಹೆದರಿಕೆಯಿಂದ ಹಗಲಲ್ಲಿ ನೀರು ಬಿಡುವುದು ಬೇಡ, ಸಂಜೆಯ ನಂತರ ಕಡಿಮೆ ಮಾಡಿದರೆ ಸಾಕು. ಹಣ್ಣು, ತರಕಾರಿ, ನೀರು, ನಡಿಗೆ ಇವು ಮಲಬದ್ಧತೆಗೆ ಮೊದಲ ಮದ್ದು. ಇವು ಸಾಲದಿದ್ದರೆ ಔಷಧಗಳಿವೆ. ಹೊಟ್ಟೆ ಕಟ್ಟಿಕೊಂಡಿದ್ದರೆ ಲೆವೊಡೋಪ ಮಾತ್ರೆಯೂ ಸರಿಯಾಗಿ ಹತ್ತುವುದಿಲ್ಲ. ಆ ಮಾತ್ರೆಯನ್ನು ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವುದು ಒಳ್ಳೆಯದು. ಮಾಂಸ, ಮೀನು, ಬೇಳೆಯ ಪ್ರೊಟೀನು ಅದಕ್ಕೆ ಅಡ್ಡಿಯಾಗುತ್ತದೆ.

ರಮಝಾನ್‌ನಲ್ಲಿ ಒಂದು ಎಚ್ಚರಿಕೆ ಅಗತ್ಯ. ದಿನಕ್ಕೆ ನಾಲ್ಕೈದು ಸಲ ಮಾತ್ರೆ ನುಂಗುವವರು ಅದನ್ನು ಹಠಾತ್ತನೆ ಬಿಟ್ಟರೆ ಪ್ರಾಣಕ್ಕೇ ಅಪಾಯವಾಗಬಹುದು. ನೀರಿಲ್ಲದಿದ್ದರೆ ಒತ್ತಡವೂ ಕುಸಿಯುತ್ತದೆ. ರೋಗಿಗೆ ಇರುವ ರಿಯಾಯಿತಿಯನ್ನು ಹಿರಿಯರಿಗೆ ಪ್ರೀತಿಯಿಂದ ನೆನಪಿಸಿ, ವೈದ್ಯರ ಸಲಹೆ ಪಡೆಯಿರಿ. ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಲು ಸಂಕೋಚಪಡುವವರಿಗೂ ಧೈರ್ಯ ಹೇಳಿ.

ಬೇರೆ ಕಾಯಿಲೆಯೂ ಇರಬಹುದು

ಕಾಯಿಲೆ ಆರಂಭವಾದ ಒಂದೆರಡು ವರ್ಷದಲ್ಲಿಯೇ ಬಿ.ಪಿ. ತೀರಾ ಕುಸಿದರೆ, ಮೂತ್ರದ ಹಿಡಿತ ತಪ್ಪಿದರೆ, ಲೆವೊಡೋಪದಿಂದ ಅಷ್ಟಾಗಿ ಪ್ರಯೋಜನವಾಗದಿದ್ದರೆ, ಅದು ಪಾರ್ಕಿನ್‌ಸನ್ ಅನ್ನೇ ಹೋಲುವ ಬೇರೊಂದು ಕಾಯಿಲೆಯಿರಬಹುದು. 1960ರಲ್ಲಿ ಶೈ ಮತ್ತು ಡ್ರೇಗರ್ ಎಂಬ ವೈದ್ಯರು ಇಂತಹ ರೋಗಿಗಳನ್ನು ವಿವರಿಸಿದ್ದರು. ಇಂದು ಇದನ್ನು ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ ಎನ್ನುತ್ತಾರೆ. ಇದು ಬೇಗ ಉಲ್ಬಣಿಸುತ್ತದೆ, ಆರೈಕೆಯ ರೀತಿಯೂ ಬೇರೆ. ಆದ್ದರಿಂದ ಒಮ್ಮೆ ನರರೋಗ ತಜ್ಞರಿಗೆ ತೋರಿಸುವುದು ಅಗತ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂತಹ ತಜ್ಞರಿದ್ದಾರೆ.

ಈ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಇಲ್ಲ. ಆದರೆ ಹೊಟ್ಟೆಗೆ, ಮೂತ್ರಕ್ಕೆ, ಕುಸಿಯುವ ಬಿ.ಪಿ.ಗೆ ಪರಿಹಾರಗಳಿವೆ. ತೊಂದರೆ ಏನೆಂದು ಯಾರಾದರೂ ಕೇಳಬೇಕು, ಅಷ್ಟೇ. ಪಾರ್ಕಿನ್‌ಸನ್ ರೋಗಿಯ ಮುಖದ ಸ್ನಾಯುಗಳು ಬಿಗಿದಿರುವುದರಿಂದ ನೋವು ಮುಖದಲ್ಲಿ ಕಾಣುವುದಿಲ್ಲ. ಧ್ವನಿಯೂ ಸಣ್ಣದಾಗಿರುತ್ತದೆ. ಅವರು ಸುಮ್ಮನಿದ್ದಾರೆಂದರೆ ಸುಖವಾಗಿದ್ದಾರೆ ಎಂದಲ್ಲ. ಇವತ್ತು ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತು ಕೇಳಿ: "ಏಳುವಾಗ ತಲೆ ತಿರುಗುತ್ತದೆಯೇ? ಹೊಟ್ಟೆ ಸರಿಯಿದೆಯೇ? ರಾತ್ರಿ ಎಷ್ಟು ಸಲ ಏಳುತ್ತೀರಿ?" ಉತ್ತರ ಬರಲು ಸ್ವಲ್ಪ ತಡವಾಗಬಹುದು. ಕಾಯಿರಿ.